ರಂಗರೂಟನ ದೇಹ: ಸೈನ್ಯದ ಮೊದಲ ತರಬೇತಿಯಲ್ಲಿ ಕಸುವು ಉಳಿಸಿಕೊಳ್ಳುವ ಕ್ರಮ

ಭೂಸೇನೆಯ ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿ ಪೂರ್ಣ 60 ಅಂಕ, ಹತ್ತು ಬೀಮ್ (ಕಂಬಿಗೆ ಜೋತು ಮೈಯನ್ನು ಮೇಲೆಳೆಯುವುದು) ಹೊಡೆದು ಮತ್ತೆ 40 ಅಂಕ ಪಡೆದು ಬಂದ ಹುಡುಗನೇ ತರಬೇತಿ ಕೇಂದ್ರದ ಆರನೆಯ ವಾರದಲ್ಲಿ ಕುಂಟುತ್ತ ಎಂ.ಐ. ರೂಮಿನ (ಕೇಂದ್ರದ ಚಿಕಿತ್ಸಾ ಕೊಠಡಿಯ) ಮುಂದಿನ ಸಾಲಿನಲ್ಲಿ ನಿಂತಿರುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಅವನ ಪಕ್ಕದ ಹಾಸಿಗೆಯವನು ಓಟದಲ್ಲಿ ಅವನಿಗಿಂತ ಹಿಂದಿದ್ದರೂ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ತರಬೇತಿ ಮುಗಿದು ಪ್ರಮಾಣ ಸ್ವೀಕರಿಸುವ ಕಸಂ ಪರೇಡಿನವರೆಗೂ ಒಂದು ದಿನ ತಪ್ಪದೆ ಮೈದಾನಕ್ಕೆ ಇಳಿದಿರುತ್ತಾನೆ. ಈ ವ್ಯತ್ಯಾಸಕ್ಕೆ ಹುಟ್ಟು ಶಕ್ತಿ ಕಾರಣವಾಗುವುದು ಕಡಿಮೆ. ತರಬೇತಿಯಲ್ಲಿ ದೇಹವನ್ನು ದುಡಿಸುವ ಕೆಲಸವನ್ನು ಸೈನ್ಯವೇ ನೋಡಿಕೊಳ್ಳುತ್ತದೆ. ದುಡಿದ ದೇಹವನ್ನು ಮಾರನೆಯ ಬೆಳಗಿಗೆ ಸುಧಾರಿಸಿ ಕೊಡುವ ಕೆಲಸ ಮಾತ್ರ ರಂಗರೂಟನ, ಅಂದರೆ ಸೈನ್ಯಕ್ಕೆ ಹೊಸದಾಗಿ ಸೇರಿದವನ, ಪಾಲಿನದು. ಮೊದಲನೆಯದನ್ನೇ ಇನ್ನಷ್ಟು ಮಾಡಲು ಹೋಗಿ ಎರಡನೆಯದನ್ನು ಮರೆತವರು ಹಿಂದೆ ಬೀಳುತ್ತಾರೆ.

ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟ್ ಕೇಂದ್ರ, ಹೈದರಾಬಾದಿನ ಆರ್ಟಿಲರಿ ಕೇಂದ್ರ, ಹೀಗೆ ಕರ್ನಾಟಕದ ಯುವಕರು ಬೇರೆ ಬೇರೆ ಕಡೆಗೆ ಹೋಗುತ್ತಾರೆ. ಕೇಂದ್ರ ಯಾವುದೇ ಇರಲಿ, ಬೆಳಗಿನ ಪಿಟಿ, ಡ್ರಿಲ್, ಆಯುಧ ತರಬೇತಿ, ಸಂಜೆಯ ಆಟ, ರಾತ್ರಿಯ ರೋಲ್‌ಕಾಲ್ ಎಂಬ ದಿನದ ಚೌಕಟ್ಟು ಬಹುಮಟ್ಟಿಗೆ ಒಂದೇ. ಸೈನ್ಯದಲ್ಲಿದ್ದ ನನ್ನ ವರ್ಷಗಳಲ್ಲಿ ಕೆಲವನ್ನು ಪಿಟಿ ಉಸ್ತಾದನಾಗಿ, ಅಂದರೆ ವ್ಯಾಯಾಮ ಕಲಿಸುವವನಾಗಿ, ಕಳೆದಿದ್ದೇನೆ. ಆಗ ಕಂಡದ್ದನ್ನೂ ನನ್ನ ದೇಹದ ಮೇಲೆಯೇ ಕಲಿತದ್ದನ್ನೂ ಹೊರಡುವ ದಿನಗಳಿಂದ ಆರಂಭಿಸಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೊರಡುವ ಮುಂಚಿನ ಎಂಟು ವಾರ

ಭರ್ತಿಯ ಮೈದಾನಕ್ಕೂ ಕೇಂದ್ರದ ಗೇಟಿಗೂ ನಡುವೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳ ಅಂತರವಿರುತ್ತದೆ. ವೈದ್ಯಕೀಯ ತಪಾಸಣೆ ಮುಗಿದು ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಊರಲ್ಲಿ ಸನ್ಮಾನ, ನೆಂಟರ ಮನೆಯ ಊಟ, ಸ್ನೇಹಿತರ ಜೊತೆ ತಿರುಗಾಟ ನಡೆಯುತ್ತದೆ. ಅದು ಸಹಜವೇ ಆದರೂ ಈ ಅವಧಿಯಲ್ಲಿ ಓಟವನ್ನು ಪೂರ್ತಿಯಾಗಿ ಬಿಟ್ಟವನ ದಮ್ಮು ಒಂದೇ ತಿಂಗಳಲ್ಲಿ ಗುರುತು ಸಿಗುವಷ್ಟು ಇಳಿದಿರುತ್ತದೆ. ಇದನ್ನು ತಡೆಯಲು ದಿನವೂ ಬೆವರು ಸುರಿಸಬೇಕಾಗಿಲ್ಲ. ಗಳಿಸಿದ ಶಕ್ತಿಯನ್ನು ಉಳಿಸಿಕೊಳ್ಳಲು, ಅದನ್ನು ಗಳಿಸುವಾಗ ಬೇಕಾದುದಕ್ಕಿಂತ ಬಹಳ ಕಡಿಮೆ ಶ್ರಮ ಸಾಕು: ವಾರಕ್ಕೆ ಎರಡು ಸಲವಾದರೂ ನಿಜವಾದ ವೇಗದಲ್ಲಿ ಓಡಿದರೆ ದಮ್ಮು, ಒಂದೆರಡು ಸಲ ಪೂರ್ಣ ಬಲ ಹಾಕಿ ಬೀಮ್ ಹೊಡೆದರೆ ತೋಳಿನ ಬಲ, ಎರಡೂ ಬಹುಪಾಲು ಉಳಿಯುತ್ತವೆ. ಸಂಖ್ಯೆಯನ್ನು ಇಳಿಸಬಹುದು, ವೇಗವನ್ನು ಮತ್ತು ಭಾರವನ್ನು ಇಳಿಸಬಾರದು.

ಆದರೆ ಉಳಿಸಿಕೊಂಡರಷ್ಟೇ ಸಾಲದು, ಏಕೆಂದರೆ ಭರ್ತಿಗೆ ಬೇಕಾದ ದೇಹವೂ ತರಬೇತಿಗೆ ಬೇಕಾದ ದೇಹವೂ ಒಂದೇ ಅಲ್ಲ. ಧಾರವಾಡ, ವಿಜಯಪುರ, ಬೆಳಗಾವಿಯ ಕಡೆಯ ಅಕಾಡೆಮಿಗಳಲ್ಲಿ ತಿಂಗಳುಗಟ್ಟಲೆ 1,600 ಮೀಟರ್ ಒಂದನ್ನೇ ಅಭ್ಯಾಸ ಮಾಡಿದವನಿಗೆ ಹಗುರ ಶೂ, ಸಮನಾದ ಟ್ರ್ಯಾಕ್, ಐದೂವರೆ ನಿಮಿಷದ ಜೋರು ಮಾತ್ರ ಗೊತ್ತಿರುತ್ತವೆ. ತರಬೇತಿಯ ಬಿ.ಪಿ.ಇ.ಟಿ. ಎಂಬ ಯುದ್ಧ ದೈಹಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ ಅವನು ಬೂಟು ಹಾಕಿ, ಮೈಮೇಲೆ ಸಜ್ಜು ಬಿಗಿದು, ಕೈಯಲ್ಲಿ ನಾಲ್ಕು ಕಿಲೋಗೂ ಮೀರಿದ ರೈಫಲ್ ಹಿಡಿದು 5 ಕಿಲೋಮೀಟರ್ ಓಡಬೇಕು. ಅದರ ಜೊತೆಗೆ ಹಗ್ಗ ಹತ್ತಬೇಕು, ಒಂಬತ್ತು ಅಡಿಯ ಹಳ್ಳ ಜಿಗಿಯಬೇಕು. ಅದಕ್ಕಾಗಿ ಕೊನೆಯ ಎಂಟು ವಾರದಲ್ಲಿ ಮೂರು ಕೆಲಸ ಮಾಡಿ.

ಮೊದಲನೆಯದು ನಡಿಗೆ. ವಾರಕ್ಕೊಮ್ಮೆ ಬೆನ್ನಿಗೆ ಐದು ಕಿಲೋ ತೂಕದ ಚೀಲ ಹಾಕಿ ಐದು ಕಿಲೋಮೀಟರ್ ಬಿರುಸಾಗಿ ನಡೆಯಿರಿ. ಎಂಟನೆಯ ವಾರಕ್ಕೆ ಹತ್ತು ಕಿಲೋ ತೂಕ, ಎಂಟು ಕಿಲೋಮೀಟರ್ ಆಗಿರಲಿ. ಒಂದೇ ವಾರದಲ್ಲಿ ತೂಕವನ್ನೂ ದೂರವನ್ನೂ ಒಟ್ಟಿಗೆ ಏರಿಸಬೇಡಿ. ಎರಡನೆಯದು ನಿಧಾನವಾದ ದೂರದ ಓಟ. ಪಕ್ಕದವನೊಂದಿಗೆ ಮಾತನಾಡಬಹುದಾದಷ್ಟು ವೇಗದಲ್ಲಿ ಐದಾರು ಕಿಲೋಮೀಟರ್, ವಾರಕ್ಕೆ ಎರಡು ಸಲ, ಸಾಧ್ಯವಾದಷ್ಟು ಮಣ್ಣಿನ ದಾರಿಯಲ್ಲಿ ಓಡಬೇಕು. ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿಸದಿರುವುದು ಸುರಕ್ಷಿತ. ಮೂರನೆಯದು ಸೊಂಟದಿಂದ ಕೆಳಗಿನ ಬಲ. ಬೈಠಕ್, ಒಂಟಿ ಕಾಲಿನಲ್ಲಿ ಮೆಟ್ಟಿಲು ಹತ್ತುವುದು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಏರಿಸಿ ಇಳಿಸುವುದು, ಮುಂಗೈ ಊರಿ ಪ್ಲ್ಯಾಂಕ್ ಹಿಡಿಯುವುದು, ಇಷ್ಟನ್ನು ವಾರಕ್ಕೆ ಮೂರು ದಿನ ಮಾಡಿದರೆ ಮೀನಖಂಡಕ್ಕೂ ಮೊಣಕಾಲಿಗೂ ಬೇಕಾದ ಆಧಾರ ದೊರೆಯುತ್ತದೆ. ಹೊರಡುವ ಕೊನೆಯ ನಾಲ್ಕು ದಿನ ಲಘು ನಡಿಗೆಯನ್ನು ಬಿಟ್ಟು ಬೇರೇನೂ ಬೇಡ. ರೈಲಿನ ಪ್ರಯಾಣ, ನಿದ್ದೆಗೇಡು, ಹೊಸ ಊಟ ಸೇರಿ ದೇಹ ಹೇಗೂ ಬಳಲಿರುತ್ತದೆ.

ಮೊದಲ ಎರಡು ವಾರ

ಕೇಂದ್ರಕ್ಕೆ ಬಂದ ಮೊದಲ ದಿನಗಳಲ್ಲಿ ತಲೆಗೂದಲು ಕತ್ತರಿಸುವುದು, ಕಾಗದಪತ್ರ, ಬಟ್ಟೆಬರೆ ಪಡೆಯುವುದು ಇವುಗಳಲ್ಲೇ ಸಮಯ ಹೋಗುತ್ತದೆ. ಕುಳಿತು ಎದ್ದು ಸಾಲಿನಲ್ಲಿ ನಿಲ್ಲುವುದೇ ಹೆಚ್ಚು. ಇದನ್ನು ಕಂಡ ಹುರುಪಿನ ಹುಡುಗರು "ಇಲ್ಲಿ ಏನೂ ಓಡಿಸುತ್ತಿಲ್ಲ, ನನ್ನ ಸ್ಟ್ಯಾಮಿನಾ ಹೋಗಿಬಿಡುತ್ತದೆ" ಎಂದುಕೊಂಡು ರಾತ್ರಿ ಬ್ಯಾರಕ್ಕಿನ ಹಿಂದೆ ಕದ್ದು ಅಭ್ಯಾಸ ಮಾಡುತ್ತಾರೆ. ಅದು ತಪ್ಪು. ಆ ದಿನಗಳಲ್ಲಿ ನಿಮಗೆ ಅರಿವಿಲ್ಲದೆಯೇ ಕಾಲು ಗಂಟೆಗಟ್ಟಲೆ ನಿಲ್ಲುತ್ತದೆ, ಸ್ಟೋರಿನಿಂದ ಬ್ಯಾರಕ್ಕಿಗೆ, ಬ್ಯಾರಕ್ಕಿನಿಂದ ಲಂಗರಿಗೆ (ಊಟದ ಮನೆಗೆ) ಓಡುನಡಿಗೆಯಲ್ಲೇ ಹೋಗುತ್ತದೆ, ಹೊಸ ಬೂಟಿಗೆ ಒಗ್ಗುತ್ತದೆ.

ಈ ಎರಡು ವಾರಗಳಿಗೆ ಇನ್ನೊಂದು ಮಹತ್ವವಿದೆ. ಮಡಿಕೇರಿಯ ತಂಪಿನಲ್ಲೋ ಶಿರಸಿಯ ನೆರಳಿನಲ್ಲೋ ಬೆಳೆದವನು ಏಪ್ರಿಲ್ ತಿಂಗಳಲ್ಲಿ ಸಿಕಂದರಾಬಾದ್ ಅಥವಾ ಜಬಲ್‌ಪುರಕ್ಕೆ ಹೋದರೆ ಅವನ ದೇಹ ಆ ಬಿಸಿಲಿಗೆ ಒಗ್ಗಲು ಏಳರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ. ಅದಕ್ಕೂ ಮೊದಲು ಬಿಸಿಲಿನಲ್ಲಿ ಪೈಪೋಟಿಗೆ ಬಿದ್ದು ಓಡುವುದು ಅಪಾಯ. ಮೊದಲ ಓಟದಲ್ಲಿ ಮುಂದಿನ ಸಾಲಿನಲ್ಲಿ ಓಡಿ ಉಸ್ತಾದರ ಕಣ್ಣಿಗೆ ಬೀಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ; ನಡುವಿನ ಸಾಲಿನಲ್ಲಿ ಓಡಿ. ಉಸ್ತಾದನಾಗಿದ್ದ ನನಗೆ ಮೊದಲ ವಾರ ಮುಂದಿದ್ದವರ ಹೆಸರು ನೆನಪಿರುತ್ತಿರಲಿಲ್ಲ, ಇಪ್ಪತ್ತನೆಯ ವಾರದಲ್ಲಿ ಮುಂದಿದ್ದವರ ಹೆಸರು ಇಂದಿಗೂ ನೆನಪಿದೆ.

ಪಾದದ ಆರೈಕೆ

ಇದನ್ನು ಸಣ್ಣ ವಿಷಯವೆಂದು ದಾಟಿ ಹೋಗಬೇಡಿ. ಬೂಟು ಕೊಡುವ ದಿನ ಕ್ಯೂ.ಎಂ. ಸ್ಟೋರಿನ (ಸಾಮಾನು ವಿತರಿಸುವ ಉಗ್ರಾಣದ) ಮುಂದೆ ಉದ್ದನೆಯ ಸಾಲಿರುತ್ತದೆ, ಅವಸರವಿರುತ್ತದೆ. ಆದರೂ ದಪ್ಪ ಕಾಲುಚೀಲ ಹಾಕಿಕೊಂಡೇ ಎರಡೂ ಬೂಟು ತೊಟ್ಟು ನೋಡಿ. ಹೆಬ್ಬೆರಳಿನ ತುದಿಗೂ ಬೂಟಿನ ತುದಿಗೂ ನಡುವೆ ಒಂದು ಬೆರಳಿನ ಅಗಲದಷ್ಟು ಜಾಗವಿರಬೇಕು, ನಡೆಯುವಾಗ ಹಿಮ್ಮಡಿ ಮೇಲಕ್ಕೆ ಜಾರಬಾರದು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆಂಬುದನ್ನು ಬೆಳಿಗ್ಗೆ ಅಳತೆ ನೋಡುವವರು ನೆನಪಿಡಬೇಕು. ಅಳತೆ ತಪ್ಪಿದ್ದರೆ ಅಂದೇ ಹೇಳಿ ಬದಲಿಸಿಕೊಳ್ಳಿ. ಮೊದಲ ಹತ್ತು ದಿನ ಸಂಜೆ ಬಿಡುವಿನಲ್ಲಿ ಬೂಟು ತೊಟ್ಟು ಬ್ಯಾರಕ್ಕಿನಲ್ಲೇ ಓಡಾಡಿದರೆ ಚರ್ಮ ಮೆದುವಾಗುತ್ತದೆ.

ರಾತ್ರಿ ರೋಲ್‌ಕಾಲ್ ಮುಗಿದ ಮೇಲೆ ಹತ್ತು ನಿಮಿಷ ಪಾದಕ್ಕೆ ಮೀಸಲಿಡಿ. ಮಂಚದ ಅಂಚಿನಲ್ಲಿ ಕುಳಿತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿ. ಹಿಮ್ಮಡಿಯ ಹಿಂಭಾಗ, ಹೆಬ್ಬೆರಳಿನ ಬುಡ, ಕಿರುಬೆರಳಿನ ಹೊರ ಅಂಚು, ಈ ಮೂರು ಕಡೆ ಬೂಟು ಮೊದಲು ಕಚ್ಚುತ್ತದೆ. ಚರ್ಮ ಕೆಂಪಗಾಗಿ, ಮುಟ್ಟಿದರೆ ಬಿಸಿಯಾಗಿ ಹತ್ತಿದರೆ ನಾಳೆ ಅಲ್ಲಿ ಬೊಬ್ಬೆ ಏಳುತ್ತದೆಂದೇ ಅರ್ಥ. ಆಗಲೇ ಅದರ ಮೇಲೆ ಅಂಟುಪಟ್ಟಿ ಹಾಕಿದರೆ ಬೊಬ್ಬೆ ತಪ್ಪುತ್ತದೆ. ಸಣ್ಣ ಬೊಬ್ಬೆಯನ್ನು ಒಡೆಯಬೇಡಿ. ನಡೆಯಲಾಗದಷ್ಟು ದೊಡ್ಡದಾಗಿ ನೀರು ತುಂಬಿದ್ದರೆ ಕಾಲನ್ನು ಸೋಪಿನಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಸೂಜಿಯಿಂದ ಬೊಬ್ಬೆಯ ಬುಡದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಶುದ್ಧ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮವನ್ನು ಕಿತ್ತುಹಾಕಬಾರದು. ಕೆಳಗಿನ ಹಸಿ ಚರ್ಮಕ್ಕೆ ಅದಕ್ಕಿಂತ ಒಳ್ಳೆಯ ಮುಚ್ಚಳವಿಲ್ಲ. ಬೊಬ್ಬೆಯೊಳಗೆ ದಾರ ಪೋಣಿಸಿ ಹಾಗೆಯೇ ಬಿಡುವ ರೂಢಿ ಬ್ಯಾರಕ್ಕುಗಳಲ್ಲಿದೆ. ಆ ದಾರದ ಮೂಲಕವೇ ಸೋಂಕು ಒಳಗೆ ಇಳಿಯುತ್ತದೆ, ಹಾಗೆ ಮಾಡಬೇಡಿ. ಕೀವು, ಸುತ್ತಲೂ ಹಬ್ಬುವ ಕೆಂಪು, ತೊಡೆಸಂದಿನಲ್ಲಿ ಗಡ್ಡೆ ಕಂಡರೆ ಬೆಳಗಾಗುತ್ತಲೇ ಎಂ.ಐ. ರೂಮಿಗೆ ಹೋಗಿ.

ಉಗುರನ್ನು ನೇರವಾಗಿ ಕತ್ತರಿಸಿ. ಕಾಲುಚೀಲ ದಿನವೂ ಒಗೆದದ್ದಾಗಿರಲಿ, ಸಾಧ್ಯವಾದರೆ ಮಧ್ಯಾಹ್ನ ಒಮ್ಮೆ ಬದಲಿಸಿ. ತೊಡೆಸಂದಿನ ಗಜಕರ್ಣವೂ ಬೆರಳ ಸಂದಿನ ಕೊಳೆತವೂ ಒದ್ದೆ ಬಟ್ಟೆಯಿಂದಲೇ ಬರುವಂಥವು. ನಾಚಿಕೊಂಡು ಮುಚ್ಚಿಟ್ಟ ಗಜಕರ್ಣ ಒಬ್ಬನಿಂದ ಇಡೀ ಸೆಕ್ಷನ್ನಿಗೆ ಹಬ್ಬಿದ್ದನ್ನು ಕಂಡಿದ್ದೇನೆ.

ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ: ಎಲುಬಿನ ಕಾಲ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಓದುವ ಬಿಡುವಿದ್ದರೆ ಇದನ್ನು ಓದಿ. ಹೃದಯ, ಶ್ವಾಸಕೋಶ, ಮಾಂಸಖಂಡ ಇವು ಹೊಸ ಶ್ರಮಕ್ಕೆ ಬೇಗ ಒಗ್ಗುತ್ತವೆ; ಎರಡು ಮೂರು ವಾರದಲ್ಲೇ "ನಾನು ಗಟ್ಟಿಯಾದೆ" ಎಂಬ ಭಾವ ಬರುತ್ತದೆ. ಎಲುಬು ಹಾಗಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಂಡು ಅನಂತರ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸ ಕೆಲವೇ ವಾರಗಳಲ್ಲಿ ಆಗಿಬಿಡುತ್ತದೆ, ಕಟ್ಟಿ ಗಟ್ಟಿಯಾಗುವುದಕ್ಕೆ ತಿಂಗಳುಗಳು ಬೇಕು. ಹಳೆಯ ಗೋಡೆ ಕೆಡವಿಯಾಗಿದೆ, ಹೊಸ ಗೋಡೆಯ ಗಾರೆ ಇನ್ನೂ ಹಸಿಯಾಗಿದೆ ಎಂಬಂಥ ಸ್ಥಿತಿ ಅದು. ಓಟ ಏರುವುದು, ಡ್ರಿಲ್ಲಿನಲ್ಲಿ ಸಾವಧಾನ್, ಪೀಛೆ ಮುಡ್, ಕದಂ ತಾಲ್ ಎಂದಾಗಲೆಲ್ಲ ಹಿಮ್ಮಡಿಯನ್ನು ನೆಲಕ್ಕೆ ಬಡಿಯುವುದು, ಭಾರ ಹೊತ್ತು ನಡೆಯುವುದು ಇವೆಲ್ಲ ಕೂಡಿಬರುವುದು ಸರಿಯಾಗಿ ಇದೇ ವಾರಗಳಲ್ಲಿ. ಅಗ್ನಿವೀರರಾಗಿ ಬರುವವರ ವಯಸ್ಸು ಹದಿನೇಳೂವರೆಯಿಂದ ಶುರುವಾಗುತ್ತದೆ. ಆ ವಯಸ್ಸಿನ ಎಲುಬು ತನ್ನ ಪೂರ್ಣ ಗಟ್ಟಿತನವನ್ನು ಇನ್ನೂ ಮುಟ್ಟಿರುವುದಿಲ್ಲ. ಹೀಗಾಗಿ ಕಣಕಾಲಿನ ಎಲುಬಿನಲ್ಲಿ, ಪಾದದ ನಡುವಿನ ಸಣ್ಣ ಎಲುಬುಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಇದು ಹೊಸ ಕಾಯಿಲೆಯಲ್ಲ: ಕವಾಯತು ಮಾಡುವ ಸೈನಿಕರ ಪಾದ ಊದಿ ನೋಯುವುದನ್ನು ಪ್ರಶ್ಯದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲಿಯೇ ದಾಖಲಿಸಿದ್ದರು.

ಸಾಮಾನ್ಯ ಮೈನೋವನ್ನೂ ಎಲುಬಿನ ನೋವನ್ನೂ ಬೇರೆ ಮಾಡಿ ಗುರುತಿಸುವುದನ್ನು ಪ್ರತಿಯೊಬ್ಬ ರಂಗರೂಟನೂ ಕಲಿಯಬೇಕು. ಕಣಕಾಲಿನ ಒಳ ಅಂಚಿನುದ್ದಕ್ಕೂ ಮೊಣಕಾಲಿನ ಕೆಳಗಿನಿಂದ ಹರಡಿನವರೆಗೆ ತೋರುಬೆರಳಿನಿಂದ ಒಂದೊಂದೇ ಅಂಗುಲ ಒತ್ತುತ್ತ ಹೋಗಿ. ನಾಲ್ಕೈದು ಬೆರಳಿನ ಉದ್ದಕ್ಕೆ ಹರಡಿದ ನೋವು, ಓಡಲು ಆರಂಭಿಸಿದಾಗ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾಗುವ ನೋವು, ಇವು ಹೆಚ್ಚಾಗಿ ಎಲುಬಿನ ಹೊದಿಕೆಯ ಉರಿಯೂತ. ಅದಕ್ಕೆ ಒಂದು ವಾರ ಓಟ ತಗ್ಗಿಸಿ, ದಿನಕ್ಕೆ ಎರಡು ಮೂರು ಸಲ ಹದಿನೈದು ನಿಮಿಷ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬೆರಳಿನ ತುದಿಯಲ್ಲಿ ಮುಚ್ಚಬಹುದಾದ ಒಂದು ಜಾಗದಲ್ಲಿ ಮಾತ್ರ ಒತ್ತಿದರೆ ಹೌಹಾರುವಂತೆ ನೋಯುವುದು, ಓಡಿದಷ್ಟೂ ಹೆಚ್ಚುವುದು, ರಾತ್ರಿ ಮಲಗಿದಾಗಲೂ ಸೆಳೆಯುವುದು, ಆ ಕಾಲೊಂದರಲ್ಲೇ ಜಿಗಿಯಲಾಗದಿರುವುದು, ಇವು ಬಿರುಕಿನ ಗುರುತು. ಇಂಥ ನೋವಿಟ್ಟುಕೊಂಡು ಮಾರನೆಯ ದಿನ ಪಿಟಿಗೆ ಹೋಗಬಾರದು. ಸೊಂಟದ ಕೀಲಿನಲ್ಲಿ ಅಥವಾ ತೊಡೆಸಂದಿನ ಒಳಗೆ ಇಂಥದೇ ನೋವು ಬಂದರಂತೂ ಗಂಟೆಯೊಳಗೆ ವೈದ್ಯರಿಗೆ ಹೇಳಬೇಕು, ಏಕೆಂದರೆ ತೊಡೆಯ ಎಲುಬಿನ ಕತ್ತು ಪೂರ್ತಿ ಮುರಿದರೆ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತದೆ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ರಂಗರೂಟನಾಗಿದ್ದ ಐದನೆಯ ವಾರದಲ್ಲಿ ಎಡಗಾಲಿನ ಕಣಕಾಲಿನಲ್ಲಿ, ಹರಡಿನಿಂದ ಒಂದು ಗೇಣು ಮೇಲೆ, ಹುಣಸೆಬೀಜದಷ್ಟು ಜಾಗದಲ್ಲಿ ನೋವು ಆರಂಭವಾಯಿತು. ಸಿಕ್ ರಿಪೋರ್ಟ್ ಹೋದವನನ್ನು, ಅಂದರೆ ಕಾಯಿಲೆಯೆಂದು ಹೇಳಿಕೊಂಡವನನ್ನು, ಕಳ್ಳಬೀಳುವವನೆಂದು ನೋಡುತ್ತಾರೆಂಬ ಭಯ, ತಾಳಿದವನು ಬಾಳಿಯಾನು ಎಂದು ಮನೆಯಲ್ಲಿ ಕೇಳಿ ಬೆಳೆದ ಮಾತು, ಎರಡೂ ಸೇರಿ ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಓಟಕ್ಕೆ ಮುಂಚೆ ಜೊತೆಗಾರನ ಬಳಿ ಪಡೆದ ನೋವಿನ ಮಾತ್ರೆ ನುಂಗುತ್ತಿದ್ದೆ. ಹನ್ನೆರಡನೆಯ ದಿನ ಹಳ್ಳ ಜಿಗಿದು ಎಡಗಾಲು ಊರಿದಾಗ ಒಣಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ಅಲ್ಲಿಗೆ ಮೂರು ತಿಂಗಳು ಹೋಯಿತು; ನನ್ನ ಬ್ಯಾಚು ಕಸಂ ಪರೇಡ್ ಮಾಡುವುದನ್ನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ, ಕಿರಿಯ ಬ್ಯಾಚಿನ ಜೊತೆ ಮತ್ತೆ ತರಬೇತಿ ಆರಂಭಿಸಿದೆ. ಮೊದಲ ದಿನವೇ ಹೇಳಿದ್ದರೆ ಕೆಲವು ವಾರಗಳ ವಿಶ್ರಾಂತಿಯಲ್ಲಿ ಮುಗಿಯುತ್ತಿತ್ತು ಎಂದು ವೈದ್ಯರು ಆಮೇಲೆ ತಿಳಿಸಿದರು. ತಾಳುವ ಮಾತು ಮಾಂಸಖಂಡದ ದಣಿವಿಗೆ ಸಲ್ಲುತ್ತದೆ, ಎಲುಬಿನ ನೋವಿಗೆ ಸಲ್ಲುವುದಿಲ್ಲ.

ನೋವಿನ ಮಾತ್ರೆ ನುಂಗಿ ಓಡುವುದರಿಂದ ಎರಡು ಕೇಡುಗಳಿವೆ: ನೋವೆಂಬ ಎಚ್ಚರಿಕೆ ಅಡಗಿಹೋಗುತ್ತದೆ, ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಡೈಕ್ಲೊಫೆನಾಕ್‌ನಂಥ ಮಾತ್ರೆ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಇನ್ನೊಂದು ಮಾತು: ಆರಂಭದ ಬಿರುಕು ಎಕ್ಸ್-ರೇಯಲ್ಲಿ ಹಲವು ಬಾರಿ ಕಾಣುವುದಿಲ್ಲ. ಚಿತ್ರ ಸರಿಯಾಗಿದೆ ಎಂದ ಮೇಲೂ ನೋವು ಹಾಗೆಯೇ ಇದ್ದರೆ ಒಂದೆರಡು ವಾರದಲ್ಲಿ ಮತ್ತೆ ಹೋಗಿ ತೋರಿಸಲು ಹಿಂಜರಿಯಬೇಡಿ.

ಮಹಿಳಾ ರಂಗರೂಟರಿಗೆ ಈ ಅಪಾಯ ಪುರುಷರಿಗಿಂತ ಹೆಚ್ಚು. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ ತರಬೇತಿ ಮುಗಿಸಿದ 83 ಮಹಿಳೆಯರ ಮೊದಲ ತಂಡ 2021ರ ಮೇ 8ರಂದು ಸೇನೆ ಸೇರಿದಂದಿನಿಂದ ನಮ್ಮ ಹೆಣ್ಣುಮಕ್ಕಳೂ ಈ ದಾರಿಯಲ್ಲಿದ್ದಾರೆ. ಅವರು ಗಮನಿಸಬೇಕಾದ ಮುಖ್ಯ ಸೂಚನೆಯೊಂದಿದೆ: ತರಬೇತಿಯ ನಡುವೆ ಮುಟ್ಟು ಎರಡು ಮೂರು ತಿಂಗಳು ನಿಂತರೆ ಅದನ್ನು ಶ್ರಮದ ಸಹಜ ಫಲವೆಂದು ಬಿಡಬಾರದು. ತಿನ್ನುವುದು ಖರ್ಚಿಗೆ ಸಾಲುತ್ತಿಲ್ಲವೆಂದು ದೇಹ ಹೇಳುವ ರೀತಿ ಅದು, ಮತ್ತು ಅದರ ಹಿಂದೆಯೇ ಎಲುಬು ಸವೆಯುತ್ತಿರುತ್ತದೆ.

ಲಂಗರಿನ ತಟ್ಟೆ

ತರಬೇತಿಯ ದಿನವೊಂದರಲ್ಲಿ 3,500 ಕಿಲೋಕ್ಯಾಲೊರಿ ಖರ್ಚಾಗುವುದು ಅಪರೂಪವಲ್ಲ. ಲಂಗರಿನಲ್ಲಿ ಊಟಕ್ಕೆ ಕೊರತೆಯಿರುವುದಿಲ್ಲ. ಕೊರತೆ ಇರುವುದು ನಮ್ಮ ರೂಢಿಯಲ್ಲಿ. ಅನ್ನ ಸಾರಿಗೆ, ಮುದ್ದೆಗೆ, ಜೋಳದ ರೊಟ್ಟಿಗೆ ಒಗ್ಗಿದ ನಮ್ಮ ಹುಡುಗರು ಮೊದಲ ತಿಂಗಳು ಗೋಧಿ ರೊಟ್ಟಿ, ರಾಜ್ಮಾ, ಕಡಲೆಯ ಪಲ್ಯವನ್ನು ಒಲ್ಲದೆ ಬಿಳಿ ಅನ್ನದ ಮೇಲೆ ತೆಳು ದಾಲ್ ಸುರಿದುಕೊಂಡು ಎದ್ದುಬಿಡುತ್ತಾರೆ, ಹಸಿವಾದಾಗ ಕ್ಯಾಂಟೀನಿನ ಬಿಸ್ಕತ್ತು ತಿನ್ನುತ್ತಾರೆ. ಅರವತ್ತೈದು ಕಿಲೋ ತೂಕದವನಿಗೆ ಇಂಥ ದುಡಿಮೆಯಲ್ಲಿ ದಿನಕ್ಕೆ ಸುಮಾರು 90 ಗ್ರಾಂ ಪ್ರೋಟೀನ್ ಬೇಕು. ಲೆಕ್ಕ ಹಾಕಿ ನೋಡಿ: ಎಂಟು ಹತ್ತು ರೊಟ್ಟಿಯಿಂದ ಸುಮಾರು 25ರಿಂದ 30 ಗ್ರಾಂ, ಮೂರು ಬಟ್ಟಲು ಗಟ್ಟಿ ದಾಲ್‌ನಿಂದ 20, ಎರಡು ಮೊಟ್ಟೆಯಿಂದ 12, ಎರಡು ಲೋಟ ಹಾಲಿನಿಂದ 12ರಿಂದ 13, ಒಂದು ಪಾಲು ಕೋಳಿ ಅಥವಾ ಪನೀರಿನಿಂದ ಉಳಿದದ್ದು. ಡಬ್ಬಿಯ ಪುಡಿಯ ಅಗತ್ಯ ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ದಾಲ್ ಬಡಿಸುವಾಗ ಸೌಟನ್ನು ತಳದಿಂದ ಎತ್ತಿ ಹಾಕುವಂತೆ ಕೇಳಿಕೊಳ್ಳಿ, ಸತ್ವವೆಲ್ಲ ತಳದಲ್ಲಿರುತ್ತದೆ.

ಪಿಟಿಗೆ ಬರಿಹೊಟ್ಟೆಯಲ್ಲಿ ಹೋಗುವುದಕ್ಕಿಂತ ಬೆಳಗಿನ ಚಹಾದ ಜೊತೆ ಒಂದು ಬಾಳೆಹಣ್ಣು ಅಥವಾ ಬೆಲ್ಲದ ತುಂಡು ತಿನ್ನುವುದು ಒಳ್ಳೆಯದು. ಪಿಟಿ ಮುಗಿದ ಮೇಲೆ ತಿಂಡಿಯನ್ನು ಬೂಟಿನ ಪಾಲಿಶ್‌ಗಾಗಿ ತಪ್ಪಿಸುವವರಿದ್ದಾರೆ. ಪಾಲಿಶ್ ಮಾಸಿದ್ದಕ್ಕೆ ಹತ್ತು ದಂಡ ಹೊಡೆದರೆ ಮುಗಿಯಿತು, ತಪ್ಪಿಸಿದ ತಿಂಡಿಯನ್ನು ದೇಹ ಇಡೀ ದಿನ ಕೇಳುತ್ತದೆ. ಎಲುಬಿಗೆ ಬೇಕಾದ ಸುಣ್ಣದ ಅಂಶಕ್ಕೆ ಹಾಲು, ಮೊಸರು ಬಿಡಬೇಡಿ. ಹೊರಡುವ ಮುಂಚಿನ ತಿಂಗಳುಗಳಲ್ಲಿ ಮನೆಯಲ್ಲಿದ್ದಾಗ ರಾಗಿ ಚೆನ್ನಾಗಿ ತಿನ್ನಿ, ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಗುಟ್ಕಾ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತವೆ, ದಮ್ಮನ್ನು ಕೊಲ್ಲುತ್ತವೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ.

ನೀರು ಮತ್ತು ಬಿಸಿಲು

ಓಟಕ್ಕೆ ಎರಡು ಗಂಟೆ ಮೊದಲು, ಅದು ಸಾಧ್ಯವಾಗದಿದ್ದರೆ ಏಳುತ್ತಲೇ, ಅರ್ಧ ಲೀಟರ್ ನೀರು ಕುಡಿಯಿರಿ. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಷ್ಟಿದೆ, ಗಾಢವಾಗಿದ್ದರೆ ಸಾಲದು. ಆದರೆ ಅತಿಯಾಗಿ ಕುಡಿಯುವುದೂ ಅಪಾಯವೇ: ಗಂಟೆಗೆ ಒಂದು, ಒಂದೂಕಾಲು ಲೀಟರಿಗಿಂತ ಹೆಚ್ಚು ಬರಿ ನೀರನ್ನು ಕುಡಿಯುತ್ತ ಹೋದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ವಾಂತಿ, ತಲೆಸಿಡಿತ, ಮಂಪರು ಬರುತ್ತವೆ. ಬಹಳ ಬೆವರಿದ ದಿನ ಓ.ಆರ್.ಎಸ್. ಪುಡಿ ಕಲಸಿ ಕುಡಿಯಿರಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಚಮಚವೆಂದರೆ ಚಹಾದ ಚಮಚ.

ಬಿಸಿಲಿನ ಓಟದಲ್ಲಿ ಜೊತೆಗಾರ ದಿಕ್ಕುತಪ್ಪಿ ಓಲಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಸಿಡಿಮಿಡಿಗೊಂಡರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಮೈ ಬೆವರುತ್ತಿದ್ದರೂ ಅದು ಹೀಟ್ ಸ್ಟ್ರೋಕ್ ಆಗಿರಬಹುದು, ಒಣಗಿರಲೇಬೇಕೆಂದಿಲ್ಲ. ಕೂಡಲೇ ಉಸ್ತಾದರನ್ನು ಕೂಗಿ, ನೆರಳಿಗೆ ಎಳೆದು, ಬೂಟು, ಸಜ್ಜು, ಅಂಗಿ ಬಿಚ್ಚಿ, ಸಿಕ್ಕ ತಣ್ಣೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಮಂಜುಗಡ್ಡೆ ಇದ್ದರೆ ಕಂಕುಳು, ಕತ್ತು, ತೊಡೆಸಂದಿಗೆ ಇಡಿ. ಗಾಡಿ ಬರಲೆಂದು ಕಾಯುತ್ತ ಕೂರಬೇಡಿ, ಗಾಡಿಯಲ್ಲಿಯೂ ತಣಿಸುವುದನ್ನು ನಿಲ್ಲಿಸಬೇಡಿ. ಮೊದಲ ಅರ್ಧ ಗಂಟೆಯಲ್ಲಿ ಮೈಬಿಸಿ ಇಳಿಯಿತೇ ಎಂಬುದರ ಮೇಲೆ ಅವನ ಜೀವ ನಿಂತಿರುತ್ತದೆ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ.

ರಗಡಾ ಬಿದ್ದ ದಿನ, ಅಂದರೆ ಶಿಕ್ಷೆಯಾಗಿ ನೂರಾರು ಬೈಠಕ್ ತೆಗೆದ ಮಾರನೆಯ ದಿನ, ತೊಡೆ ಊದಿ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿದೆ ಎಂದು ತಿಳಿಯಬೇಕು. ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಶಿಕ್ಷೆಯ ವಿಷಯವೆಂದು ಮುಚ್ಚಿಡದೆ ಆ ಹೊತ್ತೇ ಆಸ್ಪತ್ರೆಗೆ ಹೋಗಬೇಕು.

ನಿದ್ದೆ

ಎಲುಬು ಕೂಡುವುದೂ ಮಾಂಸಖಂಡ ಬೆಳೆಯುವುದೂ ಮುಖ್ಯವಾಗಿ ನಿದ್ದೆಯಲ್ಲಿ. ಬೆಳಿಗ್ಗೆ ನಾಲ್ಕೂವರೆ ಐದಕ್ಕೆ ಏಳಲೇಬೇಕಾದವನು ರಾತ್ರಿಯ ಸಮಯವನ್ನು ಕಾಪಾಡಿಕೊಳ್ಳುವುದೊಂದೇ ದಾರಿ. ಬೂಟಿನ ಪಾಲಿಶ್, ಹಾಸಿಗೆಯ ಜೋಡಣೆ, ಇಸ್ತ್ರಿ ಇವನ್ನು ಸಂಜೆಯ ಆಟ ಮುಗಿದ ಕೂಡಲೇ ಮುಗಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ ಒಂದು ಗಂಟೆ ಮಲಗಿ, ಅದರಲ್ಲಿ ಸೋಮಾರಿತನವಿಲ್ಲ.

ಸ್ವಂತ ಅಭ್ಯಾಸ: ಏನು ಸೇರಿಸಬಹುದು, ಏನು ಸೇರಿಸಬಾರದು

ಓಟವನ್ನು ಸ್ವಂತವಾಗಿ ಸೇರಿಸಬೇಡಿ. ಕಾಲಿಗೆ ಬೀಳುವ ಪೆಟ್ಟು ದಿನದ ಕಾರ್ಯಕ್ರಮದಲ್ಲೇ ಸಾಕಷ್ಟಿದೆ. ಸೇರಿಸಬಹುದಾದದ್ದು ತೋಳಿನ ಕೆಲಸ, ಏಕೆಂದರೆ ಹೆಚ್ಚಿನವರು ಹಗ್ಗದಲ್ಲಿ ಮತ್ತು ಬೀಮಿನಲ್ಲಿ ಹಿಂದೆ ಬೀಳುತ್ತಾರೆ. ನಿಮಗೆ ಹತ್ತು ಬೀಮ್ ಸಾಧ್ಯವಿದ್ದರೆ ಒಂದೇ ಸಲಕ್ಕೆ ಹತ್ತು ಹೊಡೆದು ದಣಿಯುವುದಕ್ಕಿಂತ, ಕಂಬಿಯ ಬಳಿ ಹಾದುಹೋಗುವಾಗಲೆಲ್ಲ ಐದೈದರಂತೆ ದಿನಕ್ಕೆ ನಾಲ್ಕೈದು ಸಲ, ವಾರಕ್ಕೆ ನಾಲ್ಕು ದಿನ ಹೊಡೆಯಿರಿ. ದೇಹ ದಣಿಯುವುದಿಲ್ಲ, ಸಂಖ್ಯೆ ಮಾತ್ರ ಏರುತ್ತದೆ. ಹಗ್ಗ ಹತ್ತುವುದು ತೋಳಿನ ಬಲಕ್ಕಿಂತ ಕಾಲಿನ ಜಾಣ್ಮೆಯ ಕೆಲಸ. ಹಗ್ಗ ಬಲಗಾಲಿನ ಹೊರಬದಿಯಿಂದ ಬಂದು ಬೂಟಿನ ಕೆಳಗೆ ಹಾದು ಎಡಬೂಟಿನ ಮೇಲೆ ಕುಳಿತರೆ, ಬಲಬೂಟಿನಿಂದ ಅದನ್ನು ಅದುಮಿ ಹಿಡಿದು ನೀವು ನಿಂತೇ ಬಿಡಬಹುದು. ಆಮೇಲೆ ಕೈ ಎತ್ತಿ ಮೇಲೆ ಹಿಡಿಯುವುದು, ಮೊಣಕಾಲು ಎದೆಗೆ ಎಳೆಯುವುದು, ಮತ್ತೆ ಅದುಮಿ ನಿಲ್ಲುವುದು. ನೆಲದಿಂದ ಎರಡು ಅಡಿ ಎತ್ತರದಲ್ಲಿ ಈ ಬೀಗ ಹಾಕುವುದನ್ನಷ್ಟೇ ಒಂದು ವಾರ ಅಭ್ಯಾಸ ಮಾಡಿ. ಇಳಿಯುವಾಗ ಜಾರಬೇಡಿ, ಅಂಗೈ ಸುಟ್ಟುಹೋಗುತ್ತದೆ.

ಪರೀಕ್ಷೆಯ ವಾರ, ರಜೆಯ ದಿನಗಳು

ಪಿ.ಪಿ.ಟಿ. (ದೈಹಿಕ ಪ್ರಾವೀಣ್ಯದ ಪರೀಕ್ಷೆ), ಬಿ.ಪಿ.ಇ.ಟಿ. ಪರೀಕ್ಷೆಗಳ ಹಿಂದಿನ ಎರಡು ದಿನ ಸ್ವಂತ ಅಭ್ಯಾಸವೆಲ್ಲ ನಿಲ್ಲಲಿ. ಸಜ್ಜಿನ ಪಟ್ಟಿಗಳನ್ನು ಹಿಂದಿನ ಸಂಜೆ ಹಾಕಿ ಐವತ್ತು ಹೆಜ್ಜೆ ಓಡಿ ನೋಡಿ; ಎಲ್ಲಿ ಕುಲುಕುತ್ತದೋ ಅಲ್ಲಿ ಬಿಗಿಯಬೇಕು. ಐದು ಕಿಲೋಮೀಟರ್ ಓಟದಲ್ಲಿ ಮೊದಲ ಕಿಲೋಮೀಟರನ್ನು ಅತಿ ವೇಗದಲ್ಲಿ ಓಡಿದವನು ನಾಲ್ಕನೆಯದರಲ್ಲಿ ನಡೆಯುತ್ತಾನೆ. 25 ನಿಮಿಷದೊಳಗೆ ಮುಗಿಸುವ ಗುರಿಯಿದ್ದರೆ ಪ್ರತಿ ಕಿಲೋಮೀಟರಿಗೆ ಐದು ನಿಮಿಷವೆಂದು ಲೆಕ್ಕವಿಟ್ಟು ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿ ಓಡಿ.

ನಡುವೆ ರಜೆ ಸಿಕ್ಕರೆ ಮನೆಯಲ್ಲಿ ಚೆನ್ನಾಗಿ ಉಂಡು ಮಲಗಿ, ವಾರಕ್ಕೆ ಎರಡು ಮೂರು ಸಲ ಮಾತ್ರ ಓಡಿ. ಮರಳಿದ ಮೊದಲ ವಾರ ರಜೆಯ ಮುಂಚಿನ ವೇಗಕ್ಕೆ ಒಮ್ಮೆಲೇ ಹಾರಬೇಡಿ. ಕಾಯಿಲೆ ಬಿದ್ದು ಎದ್ದವರಿಗೂ ಇದೇ ಮಾತು: ಜ್ವರ ಬಿಟ್ಟ ಮೇಲೆ ಕನಿಷ್ಠ ಎರಡು ದಿನ ನಡಿಗೆ, ಆಮೇಲೆ ಓಟ. ಜ್ವರ ಮೈಮೇಲಿರುವಾಗ ಓಡುವುದು ಹೃದಯಕ್ಕೆ ಕೆಟ್ಟದ್ದು.

ಕಸಂ ಪರೇಡಿನ ನಂತರ ನಿಮ್ಮ ಪಲ್ಟನ್ ಲಡಾಖಿನಲ್ಲೋ ಸಿಕ್ಕಿಮಿನಲ್ಲೋ ಇದ್ದರೆ ಇಷ್ಟೆಲ್ಲ ಗಳಿಸಿದ ದಮ್ಮನ್ನು ನಂಬಿ ಮೇಲೆ ಹೋದ ದಿನವೇ ಓಡಬೇಡಿ. ಎತ್ತರದ ಗಾಳಿಯಲ್ಲಿ ಬರುವ ತಲೆನೋವು, ವಾಂತಿ, ಎದೆಯಲ್ಲಿ ನೀರು ತುಂಬುವ ಕಾಯಿಲೆ ಗಟ್ಟಿಮುಟ್ಟಾದವನೆಂದು ಯಾರನ್ನೂ ಬಿಡುವುದಿಲ್ಲ. ಒಂಬತ್ತು ಸಾವಿರ ಅಡಿಯ ಮೇಲೆ ಮೊದಲ ಹಂತಕ್ಕೆ ಸೈನ್ಯ ಆರು ದಿನ ಇಟ್ಟಿದೆ. ಅದರಲ್ಲಿ ಮೊದಲ ಎರಡು ದಿನ ಪಲ್ಟನ್ನಿನ ಆವರಣದೊಳಗಿನ ಚಿಕ್ಕ ನಡಿಗೆಯನ್ನು ಬಿಟ್ಟರೆ ವಿಶ್ರಾಂತಿಯೇ ಕೆಲಸ, ಮೂರನೆಯ ದಿನದಿಂದ ಸಮನೆಲದಲ್ಲಿ ನಿಧಾನ ನಡಿಗೆ.